ಬಿಡುವುದು ಮತ್ತು ಬಿಟ್ಟಿರುವುದು

(ವ್ಯಸನದ ಚಿಕಿತ್ಸೆ ಮತ್ತು ಚೇತರಿಕೆಯ ಕುರಿತು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ವ್ಯಸನಮುಕ್ತಿ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ, ರೋಗಿಯನ್ನು ಮನೆಗೆ ಕಳುಹಿಸುವ ದಿನ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಹತ್ತು ಹನ್ನೆರಡು ದಿನಗಳ ಹಿಂದೆ ಕೈ ನಡುಗುತ್ತಾ, ಬೆವರುತ್ತಾ, ಯಾರದೋ ಹೆಗಲಿಗೆ ಒರಗಿ ಬಂದವರು ಈಗ ಹೊಟ್ಟೆ ತುಂಬ ಉಂಡು, ನಿದ್ದೆ ಮಾಡಿ, ಮುಖದಲ್ಲಿ ಕಳೆ ತಂದುಕೊಂಡು ಕುಳಿತಿರುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿಯೋ ತಾಯಿಯೋ ತಗ್ಗಿದ ದನಿಯಲ್ಲಿ, “ಡಾಕ್ಟರೇ, ಇನ್ನು ಇವರಿಗೆ ಪೂರ್ತಿ ವಾಸಿಯಾಯಿತು ತಾನೇ?” ಎಂದು ಕೇಳುತ್ತಾರೆ. ಆ ಪ್ರಶ್ನೆಯೊಳಗಿನ ಆಸೆಯನ್ನು ಕಂಡಾಗ ಹೌದು ಎಂದುಬಿಡೋಣ ಎನಿಸುತ್ತದೆ. ಆದರೆ ಹಾಗೆ ಹೇಳಿದರೆ ಅವರಿಗೆ ಕೇಡು ಮಾಡಿದಂತಾಗುತ್ತದೆ. ಅವರು ಬಿಟ್ಟಿರುವುದು ನಿಜ. ಆದರೆ ಬಿಟ್ಟೇ ಇರುವ ಕೆಲಸ ಆ ದಿನ ಇನ್ನೂ ಶುರುವಾಗಿರುವುದಿಲ್ಲ.

ನಮ್ಮ ಭಾಷೆಯಲ್ಲಿ ‘ಬಿಡು’ ಮತ್ತು ‘ಬಿಟ್ಟಿರು’ ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸ ‘ಇರು’ ಎಂಬ ಒಂದು ಸಣ್ಣ ಕ್ರಿಯಾಪದದ್ದು. ಮೊದಲನೆಯದು ಕೆಲವು ದಿನಗಳ ಕೆಲಸ, ಎರಡನೆಯದು ವರ್ಷಗಳದು. ಮೊದಲನೆಯದಕ್ಕೆ ಆಸ್ಪತ್ರೆ, ಸಲೈನ್, ಮಾತ್ರೆ, ಮನೆಮಂದಿಯ ಕಾವಲು ಎಲ್ಲವೂ ಒದಗಿಬರುತ್ತವೆ. ಎರಡನೆಯದರ ಹೊತ್ತಿಗೆ ಆ ವ್ಯಕ್ತಿ ಬಹುಮಟ್ಟಿಗೆ ಒಂಟಿಯಾಗಿರುತ್ತಾನೆ. ಈ ಅಸಮತೋಲನದ ಬಗ್ಗೆಯೇ ಇಂದು ಮಾತನಾಡಬೇಕೆಂದು ಬಂದಿದ್ದೇನೆ.

ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ನೋಡೋಣ. ಮದ್ಯವನ್ನೋ ಮಾದಕ ವಸ್ತುವನ್ನೋ ಬಳಸಿದವರೆಲ್ಲರೂ ವ್ಯಸನಿಗಳಾಗುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ 11 ಲಕ್ಷಣಗಳಿವೆ: ಅಂದುಕೊಂಡದ್ದಕ್ಕಿಂತ ಹೆಚ್ಚು ಸೇವಿಸುವುದು, ಕಡಿಮೆ ಮಾಡಲು ಹೋಗಿ ಸೋಲುವುದು, ದಿನದ ಬಹುಪಾಲು ಅದರ ಹಿಂದೆಯೇ ಕಳೆದುಹೋಗುವುದು, ಸಂಸಾರವೂ ಕೆಲಸವೂ ಆರೋಗ್ಯವೂ ಕೆಡುತ್ತಿವೆ ಎಂದು ಗೊತ್ತಿದ್ದೂ ಮುಂದುವರಿಯುವುದು ಮುಂತಾದವು. ಹನ್ನೆರಡು ತಿಂಗಳ ಅವಧಿಯಲ್ಲಿ ಇವುಗಳಲ್ಲಿ ಎರಡು ಮೂರು ಕಂಡುಬಂದರೆ ಸೌಮ್ಯ, ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ಪರಿಗಣಿಸುತ್ತಾರೆ. ಎಷ್ಟು ಕುಡಿಯುತ್ತಾರೆ ಎಂಬ ಅಳತೆ ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ನೋಡುವುದು ಹಿಡಿತ ತಪ್ಪಿದೆಯೇ ಎಂಬುದನ್ನು.

ಹಿಡಿತ ಏಕೆ ತಪ್ಪುತ್ತದೆ ಎಂಬ ಪ್ರಶ್ನೆಗೆ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್‌ಸನ್ ಎಂಬ ವಿಜ್ಞಾನಿಗಳು 1993ರಲ್ಲಿ ಮಂಡಿಸಿದ ಸಿದ್ಧಾಂತ ನನಗೆ ಬಹಳ ಬೆಳಕು ನೀಡಿದೆ. ಹಿತವೆನಿಸುವುದು ಬೇರೆ, ಬೇಕೆನಿಸುವುದು ಬೇರೆ, ಮಿದುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ವ್ಯವಸ್ಥೆಗಳಿವೆ ಎಂಬುದು ಅದರ ತಿರುಳು. ಮಾದಕ ವಸ್ತುಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಮತ್ತೆ ಮತ್ತೆ ಉಕ್ಕಿಸಿ, ‘ಬೇಕು’ ಎನ್ನುವ ವ್ಯವಸ್ಥೆಯನ್ನು ಅತಿಸೂಕ್ಷ್ಮಗೊಳಿಸುತ್ತವೆ. ಹಿತ ಮಾತ್ರ ಹೆಚ್ಚುವುದಿಲ್ಲ, ಎಷ್ಟೋ ಸಲ ಕಡಿಮೆಯೇ ಆಗುತ್ತದೆ. “ನನಗೆ ಇದರಿಂದ ಈಗ ಯಾವ ಸುಖವೂ ಇಲ್ಲ, ಆದರೂ ಕಾಲು ಅಲ್ಲಿಗೇ ಎಳೆಯುತ್ತದೆ” ಎಂದು ರೋಗಿ ಹೇಳಿದಾಗ ಮನೆಯವರು ಅದನ್ನು ನೆಪವೆಂದುಕೊಳ್ಳುತ್ತಾರೆ. ಅದು ನೆಪವಲ್ಲ, ತನ್ನ ಕಾಯಿಲೆಯ ಅತ್ಯಂತ ನಿಖರವಾದ ವರ್ಣನೆಯನ್ನು ಆತ ಕೊಡುತ್ತಿರುತ್ತಾನೆ. ಇದರ ಜೊತೆಗೆ ಆನುವಂಶಿಕತೆಯ ಪಾತ್ರವೂ ಇದೆ. ಅವಳಿಗಳ ಅಧ್ಯಯನಗಳ ಪ್ರಕಾರ ವ್ಯಸನಕ್ಕೆ ತುತ್ತಾಗುವ ಸಾಧ್ಯತೆಯ ಸುಮಾರು ಅರ್ಧ ಪಾಲು ಹುಟ್ಟಿನಿಂದಲೇ ಬಂದಿರುತ್ತದೆ.

ಇನ್ನು ಬಿಡುವ ಹಂತಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಮಾತನಾಡುತ್ತೇನೆ, ಏಕೆಂದರೆ ಇಲ್ಲಿನ ತಪ್ಪಿಗೆ ಜೀವವೇ ಬೆಲೆಯಾಗಬಹುದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಶುರುವಾಗುತ್ತವೆ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಗಂಭೀರ ಸ್ಥಿತಿ ಉಂಟಾಗುತ್ತದೆ: ದಿನ, ಜಾಗ, ಮನುಷ್ಯರ ಗುರುತು ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ಜ್ವರ ಮತ್ತು ರಕ್ತದೊತ್ತಡ ಏರುತ್ತವೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ಒಂದು ಕುಟುಂಬದವರು ಮನೆಯ ಮಗನನ್ನು ಚಟ ಬಿಡಿಸಲೆಂದು ಕೋಣೆಯಲ್ಲಿ ಕೂಡಿಹಾಕಿ, ಮೂರನೆಯ ದಿನ ಆತ ಗೋಡೆಯ ಮೇಲೆ ಹರಿಯುವ ಹುಳುಗಳನ್ನು ಆಯಲು ಆರಂಭಿಸಿದಾಗ ಹೆದರಿ ನಮ್ಮಲ್ಲಿಗೆ ಕರೆತಂದಿದ್ದರು. ಪ್ರೀತಿಯಿಂದಲೇ ಮಾಡಿದ ಕೆಲಸವದು. ಆತ ಬದುಕಿಕೊಂಡ, ಆದರೆ ಅವರು ಇನ್ನೊಂದು ರಾತ್ರಿ ಕಾದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಕಳವಳವಾಗುತ್ತದೆ.

ಆದ್ದರಿಂದ ಮದ್ಯವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸಬೇಕು. ಬೆಂಜೊಡಯಾಜಪೀನ್ ವರ್ಗದ ಔಷಧಿಗಳನ್ನು ಮೊದಲು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸುತ್ತೇವೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಚುಚ್ಚುಮದ್ದಾಗಿ ಕೊಡುತ್ತೇವೆ. ದೀರ್ಘಕಾಲ ಕುಡಿದವರ ಶರೀರದಲ್ಲಿ ಇದು ಬರಿದಾಗಿರುತ್ತದೆ, ಸಕಾಲಕ್ಕೆ ಸಿಗದಿದ್ದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗಬಹುದು. ನಿದ್ರೆಗೆಂದೋ ಆತಂಕಕ್ಕೆಂದೋ ತಿಂಗಳುಗಟ್ಟಲೆ ಬೆಂಜೊಡಯಾಜಪೀನ್ ಮಾತ್ರೆಗಳನ್ನು ನುಂಗುತ್ತಿದ್ದವರೂ ಹಾಗೆಯೇ ಒಮ್ಮೆಲೇ ನಿಲ್ಲಿಸಬಾರದು. ಅವರಿಗೂ ಫಿಟ್ಸ್‌ನ ಅಪಾಯವಿದೆ. ಹೆರಾಯಿನ್‌ನಂತಹ ಅಫೀಮು ವರ್ಗದ ವಸ್ತುಗಳ ಮಾತು ಬೇರೆ. ಅಲ್ಲಿ ಕೊನೆಯ ಸೇವನೆಯ ಎಂಟು ಹನ್ನೆರಡು ಗಂಟೆಗಳ ನಂತರ ಮೈಕೈ ನೋವು, ಮೂಗು ಕಣ್ಣುಗಳಲ್ಲಿ ನೀರು, ಭೇದಿ, ತಡೆಯಲಾಗದ ಚಡಪಡಿಕೆ ಶುರುವಾಗಿ, ಎರಡನೆಯ ಮೂರನೆಯ ದಿನ ತಾರಕಕ್ಕೇರಿ, ವಾರದ ಹೊತ್ತಿಗೆ ಇಳಿಯುತ್ತದೆ. ಇದು ಭೀಕರವಾದ ಯಾತನೆ; ಆದರೆ ಮದ್ಯದ ವಿಷಯದಲ್ಲಿ ಬಿಡುವ ದಿನಗಳಲ್ಲಿ ಇರುವ ಜೀವಾಪಾಯ ಇಲ್ಲಿ ಬಿಟ್ಟ ನಂತರದ ದಿನಗಳಲ್ಲಿ ಕಾದಿರುತ್ತದೆ.

ಈ ಮಾತನ್ನು ವಿವರಿಸಬೇಕು. ಪ್ರತಿದಿನ ಬಳಸುವವರ ಶರೀರ ದೊಡ್ಡ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಎರಡು ಮೂರು ವಾರ ಬಿಟ್ಟಿದ್ದರೆ ಆ ಒಗ್ಗಿಕೆ ಕರಗಿಹೋಗುತ್ತದೆ, ಆದರೆ ಹಳೆಯ ಪ್ರಮಾಣದ ನೆನಪು ಕರಗುವುದಿಲ್ಲ. ಆಸ್ಪತ್ರೆಯಿಂದಲೋ ಸೆರೆಮನೆಯಿಂದಲೋ ಹೊರಬಂದು, ಒಂದು ದುರ್ಬಲ ಗಳಿಗೆಯಲ್ಲಿ ಹಿಂದಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಂತುಹೋಗಬಹುದು. ಸೆರೆಮನೆಯಿಂದ ಬಿಡುಗಡೆಯಾದವರಲ್ಲಿ ಮೊದಲ ಎರಡು ವಾರಗಳೇ ಅತಿ ಅಪಾಯಕಾರಿ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದನ್ನು ರೋಗಿಗೆ ಬಾಯಿಬಿಟ್ಟು ಹೇಳದೆ ಮನೆಗೆ ಕಳುಹಿಸುವುದು ನಮ್ಮ ವೃತ್ತಿಯ ದೊಡ್ಡ ಲೋಪ. ಕೆಲವು ವೈದ್ಯರು ಹೇಳಲು ಹಿಂಜರಿಯುತ್ತಾರೆ. ಮತ್ತೆ ಬಳಸಬಹುದು ಎಂಬ ಸುಳಿವು ಕೊಟ್ಟಂತಾಗುತ್ತದೆಯೆಂದು ಅವರ ಅಳುಕು. ನನ್ನ ಅನುಭವದಲ್ಲಿ ಹೇಳಿದ್ದರಿಂದ ಕೆಟ್ಟವರಿಲ್ಲ. ಹೀಗೆ ನಿಲ್ಲುತ್ತಿರುವ ಉಸಿರನ್ನು ಮರಳಿ ತರಬಲ್ಲ ನ್ಯಾಲಾಕ್ಸೋನ್ ಎಂಬ ಔಷಧಿ ಇದೆ. ಸಿಗುವ ಕಡೆಗಳಲ್ಲಿ ಅದನ್ನು ಮನೆಯವರ ಕೈಗೇ ಕೊಟ್ಟು, ಬಳಸುವ ಕ್ರಮವನ್ನು ಕಲಿಸಬೇಕು.

ಬಿಟ್ಟಿರಲು ನೆರವಾಗುವ ಔಷಧಿಗಳ ಬಗ್ಗೆ ಜನರಲ್ಲಿ ದೊಡ್ಡ ಅನುಮಾನವಿದೆ. “ಒಂದು ಚಟ ಬಿಡಿಸಲು ಇನ್ನೊಂದು ಚಟವೇ?” ಎಂದು ಕೇಳುತ್ತಾರೆ. ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು 1965ರಲ್ಲಿ, ಹೆರಾಯಿನ್‌ಗೆ ಬದಲಾಗಿ ಅಫೀಮು ವರ್ಗದ್ದೇ ಆದ ಮೆಥಡೋನ್ ಎಂಬ ಔಷಧಿಯನ್ನು ಕೊಡುವ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದಾಗಲೂ ಇದೇ ಆಕ್ಷೇಪ ಬಂದಿತ್ತು. ಹೆರಾಯಿನ್ ಬಳಸುವವನ ದಿನ ಅಮಲು ಮತ್ತು ಯಾತನೆಗಳ ನಡುವೆ ತೂಗಾಡುತ್ತಾ ಮುಗಿದುಹೋಗುತ್ತದೆ. ಮೆಥಡೋನ್ ಅಥವಾ ಅದೇ ವರ್ಗದ ಬ್ಯುಪ್ರೆನಾರ್ಫಿನ್ ಸರಿಯಾದ ಪ್ರಮಾಣದಲ್ಲಿ ಸಿಕ್ಕಾಗ ಈ ಏರಿಳಿತ ನಿಂತು, ಆತ ಕೆಲಸಕ್ಕೆ ಹೋಗುತ್ತಾನೆ, ಮಗುವನ್ನು ಶಾಲೆಗೆ ಬಿಡುತ್ತಾನೆ, ಸಾಲ ತೀರಿಸುತ್ತಾನೆ. ಶರೀರ ಔಷಧಿಯನ್ನು ಅವಲಂಬಿಸಿರುವುದು ನಿಜ; ಬದುಕು ಮಾತ್ರ ಅದರ ಸುತ್ತ ಸುತ್ತುತ್ತಿಲ್ಲ. ಈ ಔಷಧಿಗಳನ್ನು ಪಡೆಯುತ್ತಿರುವ ಅವಧಿಯಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ ಎಂಬುದು ಹಲವಾರು ದೇಶಗಳಲ್ಲಿ ದೃಢಪಟ್ಟಿರುವಾಗ, ಇವನ್ನು ಬೇಗ ನಿಲ್ಲಿಸುವಂತೆ ಒತ್ತಾಯಿಸುವುದು ನನಗೆ ಸರಿಯೆನಿಸುವುದಿಲ್ಲ.

ಮದ್ಯಕ್ಕೆ ನ್ಯಾಲ್ಟ್ರೆಕ್ಸೋನ್ ಮತ್ತು ಅಕ್ಯಾಂಪ್ರೊಸೇಟ್ ಎಂಬ ಔಷಧಿಗಳಿವೆ. ಮೊದಲನೆಯದು ಕುಡಿತದಿಂದ ಸಿಗುವ ಹಿತವನ್ನು ಮೊಟಕುಗೊಳಿಸುತ್ತದೆ, ಎರಡನೆಯದು ಬಿಟ್ಟವರು ಬಿಟ್ಟೇ ಇರಲು ನೆರವಾಗುತ್ತದೆ. ಮೂರನೆಯದಾದ ಡೈಸಲ್ಫಿರಾಮ್‌ನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದನ್ನು ಸೇವಿಸಿದವರು ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ಅಂಶ ರಕ್ತದಲ್ಲಿ ಶೇಖರವಾಗಿ, ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆ ಭಯವೇ ಇಲ್ಲಿ ಮದ್ದು. ತಿಳಿದು, ಒಪ್ಪಿ, ಮನೆಯವರ ಎದುರಿನಲ್ಲಿ ದಿನವೂ ನುಂಗುವವರಿಗೆ ಇದು ಒಳ್ಳೆಯ ಆಸರೆ. ಆದರೆ ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿಕೊಡುವ ಪರಿಪಾಠವನ್ನು ನಾನು ಖಂಡಿಸುತ್ತೇನೆ. ಹೃದಯದ ತೊಂದರೆ ಇರುವವರು ಅರಿಯದೆ ಕುಡಿದು ಪ್ರಾಣ ಕಳೆದುಕೊಳ್ಳಬಹುದು. ಬದುಕಿ ಉಳಿದರೂ, ತನ್ನ ತಟ್ಟೆಗೆ ಮನೆಯವರೇ ಏನೋ ಹಾಕಿದ್ದರೆಂದು ತಿಳಿದ ದಿನ ಉಳಿದಿದ್ದ ಅಲ್ಪಸ್ವಲ್ಪ ನಂಬಿಕೆಯೂ ಮುರಿಯುತ್ತದೆ, ಮುಂದೆ ಯಾವ ಮಾತ್ರೆಯನ್ನೂ ಆತ ಮುಟ್ಟುವುದಿಲ್ಲ.

ಕೊಕೇನ್, ಮೆಥಾಂಫೆಟಮೈನ್‌ನಂತಹ ಉತ್ತೇಜಕಗಳಿಗೆ ಇಷ್ಟು ಖಚಿತವಾದ ಔಷಧಿಗಳಿಲ್ಲ. ಬಳಸದೆ ಇದ್ದುದನ್ನು ಮೂತ್ರ ಪರೀಕ್ಷೆಯಿಂದ ದೃಢಪಡಿಸಿಕೊಂಡು, ಪ್ರತಿಸಲವೂ ಸಣ್ಣ ಬಹುಮಾನ ಕೊಡುವ ಕ್ರಮ ಅಲ್ಲಿ ಹೆಚ್ಚು ಫಲಕಾರಿ ಎಂದು ಕಂಡುಬಂದಿದೆ. ತಂಬಾಕಿಗೆ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್, ವರೆನಿಕ್ಲಿನ್ ಮಾತ್ರೆ ಇವೆ. ಅದು ಇನ್ನೊಂದು ಉಪನ್ಯಾಸಕ್ಕಾಗುವಷ್ಟು ದೊಡ್ಡ ವಿಷಯ.

ಔಷಧಿಯಷ್ಟೇ ಮುಖ್ಯವಾದುದು ನಾವು ಮಾತನಾಡುವ ರೀತಿ. ಬೈದು, ಅವಮಾನಿಸಿ, ತಪ್ಪು ಒಪ್ಪಿಸಿದರೆ ಮನುಷ್ಯ ಬದಲಾಗುತ್ತಾನೆಂಬ ನಂಬಿಕೆ ಬಹುಕಾಲ ಚಿಕಿತ್ಸಾ ಕೇಂದ್ರಗಳಲ್ಲೂ ಇತ್ತು. ವಿಲಿಯಂ ಮಿಲ್ಲರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು: ಸಮಾಲೋಚಕರು ಎಷ್ಟು ಹೆಚ್ಚು ಎದುರುಹಾಕಿಕೊಂಡು ಮಾತನಾಡಿದ್ದರೋ, ಒಂದು ವರ್ಷದ ನಂತರ ಆ ವ್ಯಕ್ತಿಗಳು ಅಷ್ಟು ಹೆಚ್ಚು ಕುಡಿಯುತ್ತಿದ್ದರು. ಮಿಲ್ಲರ್ ರೂಪಿಸಿದ ಸಮಾಲೋಚನಾ ಪದ್ಧತಿಯಲ್ಲಿ, ಬಿಡಬೇಕಾದ ಕಾರಣಗಳನ್ನು ನಾವು ಹೇಳುವುದಿಲ್ಲ. ಅವು ರೋಗಿಯ ಬಾಯಿಂದಲೇ ಬರುವಂತೆ ಕೇಳುತ್ತಾ ಹೋಗುತ್ತೇವೆ. ಪ್ರತಿಯೊಬ್ಬರೊಳಗೂ ಬಿಡಬೇಕೆನ್ನುವ ದನಿಯೊಂದು, ಬೇಡವೆನ್ನುವ ದನಿಯೊಂದು ಒಟ್ಟಿಗೇ ಇರುತ್ತವೆ. ‘ಬಿಡು’ ಎಂಬ ಪಕ್ಷವನ್ನು ನಾವು ಹಿಡಿದುಬಿಟ್ಟರೆ ಅವರಿಗೆ ಉಳಿಯುವುದು ಇನ್ನೊಂದೇ ಪಕ್ಷ. ಹೊರಗಿನಿಂದ ನೋಡುವವರಿಗೆ ಇದು ಮೆದುವಾದ ದಾರಿಯಾಗಿ ಕಾಣಬಹುದು. ಆದರೆ ಎದುರಿಗಿರುವವರು ಬದುಕನ್ನು ಹಾಳುಮಾಡಿಕೊಳ್ಳುತ್ತಿರುವುದನ್ನು ಕಣ್ಣಾರೆ ಕಾಣುತ್ತಾ ಬುದ್ಧಿವಾದವನ್ನು ಗಂಟಲಲ್ಲೇ ತಡೆದುಕೊಳ್ಳಲು ನನಗೆ ವರ್ಷಗಳ ಅಭ್ಯಾಸ ಬೇಕಾಯಿತು. ಇನ್ನು ಕೂಡಿಹಾಕುವ, ಸರಪಳಿ ಬಿಗಿಯುವ, ಹೊಡೆಯುವ ಜಾಗಗಳಿಗೆ ಚಿಕಿತ್ಸಾ ಕೇಂದ್ರ ಎಂಬ ಹೆಸರು ಸಲ್ಲದು. ಎಲ್ಲಿಗೆ ಸೇರಿಸುವ ಮೊದಲೂ ವೈದ್ಯರು ಯಾರು, ಮನೆಯವರು ಬಂದು ನೋಡಬಹುದೇ, ಬಿಡುಗಡೆಯ ನಂತರ ಮುಂದಿನ ಭೇಟಿಗಳು ಹೇಗೆ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಹಿಂದಿರುಗಿ ಬನ್ನಿ.

ಬಿಟ್ಟ ಮೊದಲ ತಿಂಗಳುಗಳಲ್ಲಿ ರೋಗಿಗಳು ಹೇಳುವ ಒಂದು ಮಾತು ಕುಟುಂಬಗಳಿಗೆ ತೀರಾ ಅನಿರೀಕ್ಷಿತವಾಗಿರುತ್ತದೆ. ಎಲ್ಲ ಸರಿಯಾಗಿದೆ, ಆದರೆ ಯಾವುದೂ ರುಚಿಸುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಬದುಕು ಬಣ್ಣಗೆಟ್ಟಂತಿದೆ ಎನ್ನುತ್ತಾರೆ. ಇದಕ್ಕೆ ಮಿದುಳಿನಲ್ಲೇ ಕಾರಣವಿದೆ. ನೋರಾ ವೋಲ್ಕೋವ್ ಮತ್ತು ಸಹೋದ್ಯೋಗಿಗಳು ಮೆಥಾಂಫೆಟಮೈನ್ ಬಿಟ್ಟವರ ಮಿದುಳಿನ ಚಿತ್ರಣಗಳನ್ನು 2001ರಲ್ಲಿ ಪ್ರಕಟಿಸಿದರು. ಡೋಪಮೈನ್ ವ್ಯವಸ್ಥೆಯ ಒಂದು ಮುಖ್ಯ ಅಂಗ ಗಮನಾರ್ಹವಾಗಿ ಚೇತರಿಸಿಕೊಂಡದ್ದು ಕಂಡುಬಂದದ್ದು 12ರಿಂದ 17 ತಿಂಗಳು ಬಿಟ್ಟಿದ್ದ ನಂತರ. ಬಿಡುಗಡೆಯಾಗಿ ಒಂದು ತಿಂಗಳಿಗೇ ಮೊದಲಿನ ಉತ್ಸಾಹವನ್ನು ಬಯಸುವುದು ಮೂಳೆ ಮುರಿದವರನ್ನು ಮರುದಿನವೇ ಓಡೆಂದಂತೆ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನ ಕಾಣದಿರುವುದಕ್ಕೂ ಇದಕ್ಕೂ ಸಂಬಂಧವಿರಬೇಕೆಂದು ನಾನು ಭಾವಿಸುತ್ತೇನೆ.

ಮಿದುಳಿನಷ್ಟೇ ಪರಿಸರವೂ ಮುಖ್ಯ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರು ಅಫೀಮು ವರ್ಗದ ವಸ್ತುಗಳಿಗೆ ವ್ಯಸನಿಗಳಾಗಿದ್ದರು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಅವರಲ್ಲಿ ಶೇ. 5ರಷ್ಟು ಮಾತ್ರ, ಮೂರು ವರ್ಷಗಳ ಅವಧಿಯಲ್ಲಿ ಶೇ. 12ರಷ್ಟು. ಬಳಕೆಗೆ ಅಂಟಿಕೊಂಡಿದ್ದ ಜಾಗ, ಜನ, ಭಯ, ಬೇಸರ ಎಲ್ಲವೂ ಹಿಂದೆ ಉಳಿದಿದ್ದವು. ನಮ್ಮ ರೋಗಿಗಳ ಸ್ಥಿತಿ ಇದಕ್ಕೆ ನೇರ ವಿರುದ್ಧ: ಆಸ್ಪತ್ರೆ ಎಂಬ ಹೊಸ ಜಾಗದಲ್ಲಿ ಬಿಡುತ್ತಾರೆ, ಕುಡಿತ ಕಲಿತ ಅದೇ ದಾರಿಗೆ, ಅದೇ ಗೆಳೆಯರ ನಡುವೆ ಹಿಂದಿರುಗುತ್ತಾರೆ. ಅಲ್ಲಿನ ಒಂದು ತಿರುವು, ಒಂದು ವಾಸನೆ, ಸಂಬಳದ ದಿನ, ಇಷ್ಟೇ ಸಾಕು ಆ ‘ಬೇಕು’ ಮರಳಿ ಏಳಲು.

ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಮರುಕಳಿಕೆಯ ಪ್ರಸಂಗಗಳನ್ನು ವಿಂಗಡಿಸಿದಾಗ, ಸುಮಾರು ಮುಕ್ಕಾಲು ಪಾಲಿಗೆ ಮೂರು ಸಂದರ್ಭಗಳು ಕಾರಣವಾಗಿದ್ದವು: ಬೇಸರ, ಸಿಟ್ಟು, ಒಂಟಿತನದಂತಹ ಕಹಿ ಭಾವನೆಗಳು, ಹತ್ತಿರದವರೊಡನೆ ಜಗಳ, ಜೊತೆಗಾರರ ಒತ್ತಾಯ. ಆದ್ದರಿಂದಲೇ ಬಿಡುಗಡೆಗೆ ಮುನ್ನ ರೋಗಿಯೊಡನೆ ಕುಳಿತು ಅವರ ವಾರವನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡುತ್ತೇವೆ. ಸಂಬಳದ ಹಣ ಯಾರ ಕೈಯಲ್ಲಿರಬೇಕು, ಕೆಲಸ ಮುಗಿದ ಮೇಲೆ ಯಾವ ದಾರಿಯಲ್ಲಿ ಬರಬೇಕು, “ಒಂದೇ ಒಂದು ಹಾಕು” ಎಂದವರಿಗೆ ಯಾವ ಮಾತಿನಲ್ಲಿ ಬೇಡವೆನ್ನಬೇಕು ಎಂಬುದನ್ನೆಲ್ಲ ಬಾಯಲ್ಲಿ ಆಡಿಸಿ ಅಭ್ಯಾಸ ಮಾಡಿಸುತ್ತೇವೆ. ತುಡಿತ ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ ಎಂಬುದನ್ನು ಒಮ್ಮೆ ಸ್ವತಃ ಕಂಡವರಿಗೆ ಎರಡನೆಯ ಅಲೆಯ ಭಯ ಕಡಿಮೆಯಾಗುತ್ತದೆ.

ಹೀಗಿದ್ದೂ ಅನೇಕರು ಜಾರುತ್ತಾರೆ. ಥಾಮಸ್ ಮೆಕ್‌ಲೆಲನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ, ಚಿಕಿತ್ಸೆಯ ನಂತರದ ಒಂದು ವರ್ಷದಲ್ಲಿ ಶೇ. 40ರಿಂದ 60ರಷ್ಟು ಜನ ಮತ್ತೆ ಬಳಕೆಗೆ ಮರಳುತ್ತಾರೆ. ಇದು ಅಧಿಕ ರಕ್ತದೊತ್ತಡ ಮತ್ತು ಅಸ್ತಮಾಗಳು ಮರುಕಳಿಸುವ ಪ್ರಮಾಣಕ್ಕೆ ಹತ್ತಿರವೇ ಇದೆ. ಆದರೆ ಮಾತ್ರೆ ನಿಲ್ಲಿಸಿದವರ ರಕ್ತದೊತ್ತಡ ಏರಿದರೆ ಆ ಮಾತ್ರೆ ಕೆಲಸ ಮಾಡುತ್ತಿತ್ತು ಎನ್ನುತ್ತೇವೆ, ಮತ್ತೆ ಶುರುಮಾಡುತ್ತೇವೆ. ಚಿಕಿತ್ಸೆ ನಿಂತ ಮೇಲೆ ಒಬ್ಬರು ಕುಡಿದರೆ ಮಾತ್ರ ಚಿಕಿತ್ಸೆಯೇ ವ್ಯರ್ಥ, ಇವರ ಹಣೆಬರಹವೇ ಇಷ್ಟು ಎನ್ನುತ್ತೇವೆ. ಈ ಇಬ್ಬಗೆಯ ನ್ಯಾಯ ನನ್ನನ್ನು ಬಹಳ ನೋಯಿಸುತ್ತದೆ, ಏಕೆಂದರೆ ಒಂದು ಜಾರಿಕೆ ಪೂರ್ತಿ ಪತನವಾಗುವುದು ಬಹುಪಾಲು ಈ ತೀರ್ಪಿನಿಂದಲೇ. “ಹೇಗೂ ಕೆಟ್ಟಿದ್ದಾಯಿತು” ಎಂಬ ಅಪರಾಧ ಭಾವವೇ ಎರಡನೆಯ ಲೋಟವನ್ನು ತುಂಬಿಸುತ್ತದೆ ಎಂಬುದನ್ನು ಮಾರ್ಲಟ್ ಕೂಡ ಗುರುತಿಸಿದ್ದರು.

ಇಂತಹ ಗಳಿಗೆಯಲ್ಲಿ ಹೋಗಿ ಕುಳಿತುಕೊಳ್ಳಬಹುದಾದ ಒಂದು ಜಾಗ ಸ್ವಸಹಾಯ ಗುಂಪು. ಅಂತಹ ಗುಂಪುಗಳಲ್ಲಿ ಒಂದಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಆರಂಭವಾದದ್ದು 1935ರಲ್ಲಿ, ಅಮೆರಿಕದ ಏಕ್ರನ್ ನಗರದಲ್ಲಿ, ಕುಡಿತದಿಂದ ನಲುಗಿದ್ದ ಇಬ್ಬರ ಭೇಟಿಯಿಂದ. ನಿರಂತರವಾಗಿ ಮದ್ಯದಿಂದ ದೂರವಿರುವ ವಿಷಯದಲ್ಲಿ, ರೋಗಿಗಳನ್ನು ಈ ಗುಂಪಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗೆ ಸಮ ಅಥವಾ ಮಿಗಿಲು ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರನ್ ಸಂಸ್ಥೆಯ 2020ರ ವಿಮರ್ಶೆ ಹೇಳಿದೆ. ಎಲ್ಲರಿಗೂ ಇದು ಹಿಡಿಸುವುದಿಲ್ಲ, ಹಿಡಿಸದವರನ್ನು ಬಲವಂತ ಮಾಡಬೇಕಾಗಿಯೂ ಇಲ್ಲ. ಆದರೆ ನಿನ್ನೆ ಜಾರಿದೆ ಎಂದು ಒಬ್ಬರು ಹೇಳಿದಾಗ ಇಡೀ ಕೋಣೆ ಆಶ್ಚರ್ಯಪಡದೆ ಕೇಳಿಸಿಕೊಳ್ಳುವ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ.

ಉಪನ್ಯಾಸದ ನಂತರ ಬಂದ ಒಂದು ಪ್ರಶ್ನೆಯನ್ನೂ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. “ಸರ್, ನಮ್ಮ ಅಣ್ಣ ಏಳು ತಿಂಗಳು ಬಿಟ್ಟಿದ್ದ, ಕಳೆದ ವಾರ ಮತ್ತೆ ಕುಡಿದ. ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡ್ತಿಲ್ಲ. ನಾನು ಏನಂತ ಮಾತು ಶುರು ಮಾಡಲಿ?” ಎಂದು ಹಿಂದಿನ ಸಾಲಿನಿಂದ ಒಬ್ಬ ಯುವತಿ ಕೇಳಿದರು.

ನಾನು ಹೇಳಿದ್ದು ಇಷ್ಟು. ಕುಡಿದ ಹೊತ್ತಿನಲ್ಲಿ ಮಾತು ಬೇಡ. ಅಮಲಿಳಿದ ಬೆಳಗ್ಗೆ ಪಕ್ಕದಲ್ಲಿ ಕುಳಿತು, ‘ಯಾಕೆ ಕುಡಿದೆ’ ಎನ್ನುವ ಬದಲು ‘ಆ ದಿನ ಏನಾಯಿತು’ ಎಂದು ಕೇಳಿ. ಮೊದಲನೆಯದಕ್ಕೆ ಸಮರ್ಥನೆ ಬರುತ್ತದೆ, ಎರಡನೆಯದಕ್ಕೆ ಸಂಗತಿ ಬರುತ್ತದೆ. ಮಾತ್ರೆ ಎಂದಿನಿಂದ ನಿಂತಿತ್ತು, ನಿದ್ದೆ ಹೇಗಿತ್ತು, ಯಾರ ಜೊತೆ ಜಗಳವಾಗಿತ್ತು ಎಂಬುದು ಅಲ್ಲಿ ತಿಳಿಯುತ್ತದೆ. ಮತ್ತೆ ದಿನವೂ ಕುಡಿಯಲು ಶುರುಮಾಡಿದ್ದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ, ಈ ವಾರವೇ ವೈದ್ಯರ ಬಳಿ ಕರೆತನ್ನಿ. ಆ ಏಳು ತಿಂಗಳು ಹೋಯಿತು ಎಂದು ಯಾರಾದರೂ ಅಂದರೆ, ಹೋಗಿಲ್ಲ ಎಂದು ಹೇಳಿ. ಸುಮಾರು 210 ದಿನ ಹೇಗೆ ಬಿಟ್ಟಿದ್ದ ಎಂಬುದು ಅವನಿಗೆ ಗೊತ್ತಿದೆ.

“ಅವನು ಬರೋದಕ್ಕೇ ಒಪ್ಪದಿದ್ದರೆ?” ಎಂದು ಆಕೆ ಮತ್ತೆ ಕೇಳಿದರು. ರೋಗಿ ಬರದಿದ್ದಾಗ ಮನೆಯವರಿಗೆ ತರಬೇತಿ ಕೊಡುವ ಪದ್ಧತಿಯೊಂದನ್ನು ರಾಬರ್ಟ್ ಮೇಯರ್ಸ್ ಮುಂತಾದವರು ರೂಪಿಸಿದ್ದಾರೆ. 1999ರಲ್ಲಿ ಪ್ರಕಟವಾದ ಅದರ ಪರೀಕ್ಷೆಯೊಂದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕುಟುಂಬಗಳು, ಮೊದಲು ಒಪ್ಪದೇ ಇದ್ದವರನ್ನು ಜಗಳವಿಲ್ಲದೆ ಚಿಕಿತ್ಸೆಗೆ ಕರೆತರಲು ಶಕ್ತವಾಗಿದ್ದವು. ಅದನ್ನು ಆಕೆಗೆ ವಿವರಿಸಿ, ಮೊದಲ ಭೇಟಿಗೆ ನೀವೊಬ್ಬರೇ ಬಂದರೂ ಸಾಕು ಎಂದೆ.